ಪಳಂಗಪ್ಪನ ನಾಲಿಗೆ ಕಲಿತ ಯಂತ್ರ

ಪಳಂಗಪ್ಪ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆಯೇ ಅವನ ತಮ್ಮ ಮಂದಣ್ಣ ವಿರಾಜಪೇಟೆಯ ಮನೆಯಲ್ಲಿ ಹೊಸ ಯಂತ್ರವನ್ನು ತೋರಿಸುತ್ತಿದ್ದ.

“ನೋಡಿ ಅತ್ತಿಗೆ! ಮೇಲೆ ಬಾರ್ಲಿ ಸುರಿದರೆ ಕೆಳಗೆ ಬಿಯರ್! ಈ ರಬ್ಬರ್ ನಾಲಿಗೆ ಅಣ್ಣನದೇ. ಆರು ವರ್ಷ ನಾನು ಮಾಡಿದ್ದನ್ನು ಕುಡಿದು ಅಣ್ಣ ಹೇಳಿದ್ದನ್ನೆಲ್ಲ ಇದಕ್ಕೆ ಕಲಿಸಿದ್ದೇನೆ. ಅವನಿಗೆ ರುಚಿಸದ್ದು ಹೊರಗೇ ಬರೋದಿಲ್ಲ!”

ಅಷ್ಟರಲ್ಲಿ ಮೈಸೂರಿನ ಆಸ್ಪತ್ರೆಯಿಂದ ಆ ಸುದ್ದಿಯ ಫೋನ್ ಬಂತು. ಅಲ್ಲಿ ಮಲಗಿದ್ದ ಗಂಡನಿಗೆ ಬಟ್ಟೆ ಒಯ್ಯಲು ಊರಿಗೆ ಬಂದಿದ್ದ ಚೋಂದಮ್ಮ ಕುಸಿದು ಕೂತಳು. “ಬರುವಾಗ ಮಂದಣ್ಣ ಮಾಡಿದ್ದು ಒಂದು ಲೋಟ ತಾ” ಎಂದಿದ್ದರು ಗಂಡ. ಅದೊಂದು ಲೋಟ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಕೊಡವರು ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆ ಇಡುವಾಗ ಅವರು ಇಷ್ಟಪಟ್ಟು ಕುಡಿಯುತ್ತಿದ್ದುದನ್ನೂ ಇಡುತ್ತಾರೆ. ವರ್ಷ ತುಂಬುವ ದಿನ ಆ ಲೋಟವನ್ನು ಇಟ್ಟೇ ತೀರಬೇಕೆಂದು ಚೋಂದಮ್ಮ ನಾಲ್ಕು ತಿಂಗಳ ಮೊದಲೇ ಮೈದುನನ ಬೆನ್ನು ಹತ್ತಿದಳು.

ಯಂತ್ರ ಮೊಳಕೆ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕೋಳಿ ಮೊಟ್ಟೆಗೆ ಕಾವು ಕೊಟ್ಟಂತೆ ಒಂದು ಗಂಟೆ ಕಾಪಾಡಿತು. ಸಿಹಿನೀರು ಸೋಸಿ ಕುದಿಸಿ, ತಣಿಸಿ, ಹುದುಗಿಸಿತು. ಮೂರು ವಾರದ ಮೇಲೆ ನಾಲಿಗೆ ಅದ್ದಿತು. ಕೆಂಪು ದೀಪ! ಇಡೀ ಪೀಪಾಯಿ ಚರಂಡಿಗೆ! ಪಕ್ಕದ ಮನೆಯ ಬಾತುಕೋಳಿಗಳು ಸಂಜೆಯವರೆಗೆ ಹಿಂದುಮುಂದಾಗಿ ನಡೆದವು.

ಎರಡನೆಯದೂ ಹಾಗೇ. ಮೂರನೆಯದನ್ನು ಸಿಹಿನೀರಿರುವಾಗಲೇ ಚೆಲ್ಲಿತು. ನಾಲ್ಕನೆಯ ಸಲ ಒಣ ಬಾರ್ಲಿಯನ್ನೇ ಕಿಟಕಿಯಾಚೆ ಉಗುಳಿತು! ಆಮೇಲೆ ಚೋಂದಮ್ಮನ ಕಾಫಿಗೂ ನಾಲಿಗೆ ಹಾಕಿ ಲೋಟ ಉರುಳಿಸಿತು.

“ಮಂದಣ್ಣ, ಇನ್ನು ಒಂದೇ ತಿಂಗಳು! ನಿನ್ನ ಅಣ್ಣ ಯಾವತ್ತಾದರೂ ಚೆನ್ನಾಗಿದೆ ಅಂದಿದ್ದರಾ?”

ಮಂದಣ್ಣ ಅಣ್ಣನ ಮಾತುಗಳನ್ನು ಬರೆದಿಟ್ಟಿದ್ದ ಪುಸ್ತಕ ತಿರುವಿದ. “ಹುಳಿ... ಸಪ್ಪೆ... ಎಮ್ಮೆ ತೊಳೆದ ನೀರು... ಇಲ್ಲ ಅತ್ತಿಗೆ.”

“ಮತ್ತೆ ಮೆಚ್ಚೋದನ್ನು ಇದು ಎಲ್ಲಿಂದ ಕಲಿಯಬೇಕು? ಬೈದ ಮೇಲೂ ಅವರು ತಳ ಕಾಣುವವರೆಗೆ ಕುಡಿಯುತ್ತಿದ್ದರಲ್ಲ, ಅದನ್ನು ಬರೆದೆಯಾ?”

“ಅದನ್ನು ಯಾರಾದರೂ ಬರೀತಾರಾ?”

“ನಾನು ಅಡುಗೆ ಮಾಡಿ ಮೂವತ್ತೆಂಟು ವರ್ಷ ಅವರು ಬರಿದು ಮಾಡಿದ ತಟ್ಟೆಯನ್ನೇ ಓದಿದ್ದೇನೆ. ಬರಿ!”

ಅದನ್ನೂ ಕಲಿಸಿದ. ಐದನೆಯ ಬಿಯರ್ ಚರಂಡಿಗೆ ಹೋಗಲಿಲ್ಲ.

ವರ್ಷ ತುಂಬಿದ ದಿನ ಎಲೆಯ ಮೇಲೆ ಹಂದಿಮಾಂಸ, ಅಕ್ಕಿತರಿಯ ಉಂಡೆ ಕಡುಂಬುಟ್ಟು ಬಡಿಸಿ, ಪಕ್ಕದಲ್ಲಿ ಬರಿ ಲೋಟ ಇಟ್ಟು, ಚೋಂದಮ್ಮ ಯಂತ್ರದ ನಲ್ಲಿ ತಿರುಗಿಸಿದಳು. ಹನಿಯೂ ಇಲ್ಲ. ಕೆಂಪು ದೀಪ ಉರಿಸಿಕೊಂಡು ಯಂತ್ರ ತಾನೇ ಗಟಗಟ ಕುಡಿಯುತ್ತಿತ್ತು!

“ಅಯ್ಯೋ, ನಿಲ್ಲಿಸೋ!”

“ಕೇಳ್ತಾ ಇಲ್ಲ ಅತ್ತಿಗೆ! ಅಣ್ಣ ಮಾತ್ರ ಕೇಳುತ್ತಿದ್ದನಾ?”

ಪೀಪಾಯಿ ಬರಿದಾಯಿತು. ಯಂತ್ರದ ಹೊಟ್ಟೆ ಉಬ್ಬಿತು, ನಡುಗಿತು, ಮನೆ ಅದುರುವಂತೆ ಒಮ್ಮೆ ತೇಗಿತು! ಗೋಡೆ, ಮಾಡು, ಮಂದಣ್ಣನ ಮೀಸೆ, ಎಲ್ಲದರ ಮೇಲೂ ನೊರೆ. ಎಲೆಯ ಪಕ್ಕದ ಲೋಟವೂ ಅಂಚಿನವರೆಗೆ ತುಂಬಿತ್ತು.

ಚೋಂದಮ್ಮ ವರ್ಷದಲ್ಲಿ ಮೊದಲ ಸಲ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ಕೊಡವರ ಕುಲದೇವರಿಗೆ ಕೈಮುಗಿದಳು.

“ಇಗ್ಗುತ್ತಪ್ಪ, ಲೋಟ ತಲುಪಿಸಿದ್ದೇನೆ. ಬರೀ ನೊರೆ ಅಂತ ನಿನ್ನ ಹತ್ತಿರವೂ ಜಗಳ ತೆಗೆದಾರು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರ ಜೀವಕ್ಕೆ ಶಾಂತಿ ಕೊಡು ಸ್ವಾಮಿ.”