ಗಂಟಲಿಗೆ ರಜೆ

ಆ ದಿನದ ಎಡವಟ್ಟಿಗೆಲ್ಲ ಕಾರಣ ಇಷ್ಟೇ: ನಮ್ಮ ರೇಡಿಯೋ ಬೆಳಗ್ಗೆ ಎದ್ದವನು ಬಾಯಿ ಬಿಡಲಿಲ್ಲ.

ರೇಡಿಯೋ ಅನ್ನುವುದು ವಠಾರದವರು ಇಟ್ಟ ಹೆಸರು. ಈ ಮಹಾಶಯನಿಗೆ ಧಾರಾವಾಹಿಗಳಿಗೆ ಕಂಠದಾನ ಮಾಡುವ ಹುಚ್ಚು. ಹುಚ್ಚು ಅಂತ ನಾನೆನ್ನುವುದಲ್ಲ, ಅವನ ಹೆಂಡತಿ ಅನ್ನುವುದು. ಲಾರಿ ಆಫೀಸಿನ ಗುಮಾಸ್ತಿಕೆಯನ್ನು ರಜೆ ಹಾಕಿ ಹಾಕಿಯೇ ಕಳೆದುಕೊಂಡಿದ್ದ. ಡಬ್ಬಿಂಗ್ ಸ್ಟುಡಿಯೋಗೆ ಅಲೆದು ಚಪ್ಪಲಿ ಸವೆದದ್ದೇ ಬಂತು. ಅಲ್ಲಿ ಮೈಕು ಕೂಡ ಆಸ್ತಿಯ ಹಾಗೆ ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಗುತ್ತದೆ. ಹೊರಗಿನವನ ಪಾಲಿಗೆ ಬರುವುದು ಗುಂಪಿನ ಗಲಾಟೆಯ ದನಿ ಮಾತ್ರ. ಇಷ್ಟು ವರ್ಷದಲ್ಲಿ ಅವನಿಗೆ ದಕ್ಕಿದ ಒಟ್ಟು ಸಂಭಾಷಣೆ "ಹಿಡೀರಿ ಅವನನ್ನ!" ಅಷ್ಟೇ. ಅದೂ ಹತ್ತು ಜನರ ಜೊತೆ.

ಈ ಸಲ ಏನು ಗ್ರಹಚಾರವೋ, ಖಳನಾಯಕನ ಪಾತ್ರಕ್ಕೇ ಕರೆ ಬಂದಿತ್ತು. ಸಂಜೆ ನಾಲ್ಕಕ್ಕೆ ಧ್ವನಿ ಪರೀಕ್ಷೆ. "ಅಲ್ಲೀತನಕ ಒಂದು ಮಾತೂ ಆಡ್ಬೇಡಿ. ಗಂಟಲಿಗೆ ಪೂರ್ತಿ ರಜೆ ಕೊಡಿ," ಎಂದಿದ್ದರು ಸ್ಟುಡಿಯೋದವರು.

ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೊರಡುತ್ತಾ ಬಾಗಿಲಲ್ಲಿ ನಿಂತಳು. "ನೋಡಿ, ಇದೇ ಕೊನೆ. ಇದೂ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನಮ್ಮಣ್ಣನ ಗೋದಾಮಿನ ಕೆಲಸಕ್ಕೆ ಹೋಗಿ. ನಂಗೂ ಸಾಕಾಗಿದೆ."

ಅವನಿಗೂ ಸಾಕಾಗಿತ್ತು. ಸುಮ್ಮನೆ ತಲೆಯಾಡಿಸಿದ.

ಮಧ್ಯಾಹ್ನ ನಲ್ಲಿಯ ಹತ್ತಿರ ಮಹಡಿ ಮನೆಯ ನಿವೃತ್ತ ಮೇಷ್ಟ್ರು ಸಿಕ್ಕಿದರು. "ಏನಯ್ಯಾ, ನೀರು ಬಂತಾ?"

ರೇಡಿಯೋ ಗಂಟಲು ತೋರಿಸಿ, ಕೈಯಾಡಿಸಿ, ನಕ್ಕ. ನಕ್ಕದ್ದೇ ತಪ್ಪಾಯಿತು. ಅವನ ಬಾಯಿ ಸೊಟ್ಟಗಾದ ಹಾಗೆ ಮೇಷ್ಟ್ರ ಕಣ್ಣಿಗೆ ಕಂಡಿತು.

"ಅಯ್ಯಯ್ಯೋ, ಬನ್ರೀ ಎಲ್ಲಾ! ನಮ್ಮ ರೇಡಿಯೋಗೆ ಮಾತೇ ಬಿದ್ದೋಗಿದೆ! ಲಕ್ವ ಹೊಡೆದಿದೆ!"

ಎದುರುಮನೆ ಅಜ್ಜಿ ಸೊಂಟ ಹಿಡಿದುಕೊಂಡೇ ಓಡಿ ಬಂದರು. "ಲಕ್ವಾನೂ ಇಲ್ಲ ಗಿಕ್ವಾನೂ ಇಲ್ಲ ಮೇಷ್ಟ್ರೇ. ಗಂಡ ಹೆಂಡ್ತಿ ಮಾತು ಬಿಟ್ಟಿದಾರೆ. ಬೆಳಗ್ಗೆ ಅವಳು 'ಸಾಕಾಗಿದೆ' ಅಂದಿದ್ದು ನನ್ನ ಕಿವೀಗೇ ಬಿತ್ತು."

"ಹೆಂಡ್ತಿ ಜೊತೆ ಮಾತು ಬಿಟ್ರೆ ನನ್ನ ಜೊತೆ ಯಾಕೆ ಬಿಡ್ತಾನೆ?"

ರೇಡಿಯೋ ಎರಡೂ ಅಲ್ಲವೆಂದು ಜೋರಾಗಿ ತಲೆಯಾಡಿಸಿದ.

"ನೋಡಿ, ತಲೆ ಅದರಷ್ಟಕ್ಕೇ ಅಲ್ಲಾಡ್ತಿದೆ!" ಎಂದರು ಮೇಷ್ಟ್ರು.

ರೇಡಿಯೋ ಮೊಬೈಲ್ ತೆಗೆದು ವಿಷಯ ಬರೆದು ತೋರಿಸಲು ಹೊರಟ. ಮೇಷ್ಟ್ರು ಅದನ್ನು ಕಿತ್ತುಕೊಂಡರು. "ಪಾಪ, ಹೆಂಡ್ತೀಗೆ ತಿಳಿಸ್ಬೇಕು ಅಂತಿದಾನೆ. ನಾನೇ ಹೇಳ್ತೀನಿ ಬಿಡು." ಅವಳು ಫೋನ್ ಎತ್ತಲಿಲ್ಲ. ಎತ್ತುವವರೆಗೂ ಮಾಡುತ್ತೇನೆಂದು ಮೇಷ್ಟ್ರು ಹಟ ಹಿಡಿದರು.

ಅಷ್ಟರಲ್ಲಿ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಆಟೋ ತಂದಿದ್ದ. ಅವನು ಕಾಲು ಹಿಡಿದ, ಮೇಷ್ಟ್ರು ಭುಜ ಹಿಡಿದರು. ರೇಡಿಯೋ ಕಂಬವನ್ನು ತಬ್ಬಿಕೊಂಡ. ಅಜ್ಜಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಗಂಟೆ ಮೂರು ದಾಟಿತ್ತು. ಆಸ್ಪತ್ರೆ ಒಂದು ದಿಕ್ಕು, ಸ್ಟುಡಿಯೋ ಇನ್ನೊಂದು. ಇಷ್ಟು ವರ್ಷ ಕಾದದ್ದೆಲ್ಲ ಈ ಮೂವರ ಕೈಯಲ್ಲಿ ನೀರುಪಾಲಾಗುವುದು ಕಾಣುತ್ತಿತ್ತು.

"ಬಿಡ್ರೋ ನನ್ನ!"

ಬೀದಿ ಬೆಚ್ಚಿಬಿತ್ತು. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚಲು ಆಗಲಿಲ್ಲ. ವಠಾರದವರನ್ನು, ಸ್ಟುಡಿಯೋದ ಅಳಿಯಂದಿರನ್ನು, ಹೆಂಡತಿಯ ಅಣ್ಣನನ್ನು, ಯಾರನ್ನೂ ಬಿಡದೆ ಬೈದ. ನಿಲ್ಲಿಸುವ ಹೊತ್ತಿಗೆ ಗಂಟಲಿನಿಂದ ಬರುತ್ತಿದ್ದದ್ದು ತುಕ್ಕು ಹಿಡಿದ ಗೇಟಿನ ಸದ್ದು.

"ಮಾತು ಬಂತು!" ಮೇಷ್ಟ್ರು ಚಪ್ಪಾಳೆ ತಟ್ಟಿದರು. ವಿಷಯ ತಿಳಿದ ಮೇಲೆ ಮೂವರ ಮುಖವೂ ಹರಳೆಣ್ಣೆ ಕುಡಿದ ಹಾಗಾಯಿತು.

ಹೋಗಿಯೂ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಮೇಷ್ಟ್ರಿಂದ ಮೊಬೈಲ್ ಈಸಿಕೊಂಡು ಅದೇ ಆಟೋದಲ್ಲಿ ಹೋದ. ಸ್ಟುಡಿಯೋದಲ್ಲಿ ದೊಡ್ಡ ಕಲಾವಿದರ ಅಳಿಯ ಬೆಣ್ಣೆಯಂಥ ದನಿಯಲ್ಲಿ ಓದಿ ಹೊರಬಂದ. ರೇಡಿಯೋ ಮೈಕಿನ ಮುಂದೆ ನಿಂತು, ಹೇಗಿದ್ದರೂ ಹೋಯಿತು ಎಂದುಕೊಂಡು, ತುಕ್ಕು ಗೇಟನ್ನೇ ತೆರೆದ.

ನಿರ್ದೇಶಕರು ಕುರ್ಚಿಯಿಂದ ಎದ್ದರು. "ಎಲ್ರೀ ಇತ್ತು ಈ ಗಂಟಲು? ನಮ್ಮ ಖಳನಿಗೆ ಕತ್ತಿಗೆ ಚಾಕು ಬಿದ್ದಿರುತ್ತೆ. ಇಂಥದೇ ದನಿ ಹುಡುಕ್ತಿದ್ದೆ! ನಾಳೆ ಬೆಳಗ್ಗೆ ಬನ್ನಿ. ಆದ್ರೆ ಇದೇ ದನಿ ಬೇಕು, ಒಂಚೂರೂ ಬದಲಾಗ್ಬಾರ್ದು. ಬದಲಾಯ್ತೋ, ಅಳಿಯಂದಿರು ಇದ್ದೇ ಇದಾರೆ."

ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು. ಮನೆಗೆ ಫೋನ್ ಮಾಡಿ ಗೊರಗೊರ ದನಿಯಲ್ಲಿ "ಸಿಕ್ತು ಕಣೇ" ಎಂದಷ್ಟೇ ಹೇಳಿದ.

ವಠಾರಕ್ಕೆ ಬಂದರೆ ಪಿಟ್ಟೆನ್ನುವ ಸದ್ದಿಲ್ಲ. ಟೀವಿಗಳೆಲ್ಲ ಬಂದ್. ಮೇಷ್ಟ್ರು ಬಿಸಿ ಉಪ್ಪುನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. "ತಪ್ಪಾಯ್ತಪ್ಪ. ಇನ್ನು ನಿನ್ನ ಗಂಟಲು ನಮ್ಮ ಜವಾಬ್ದಾರಿ."

"ಬೇಡ ಮೇಷ್ಟ್ರೇ, ಇದು ಹೀಗೇ..."

"ಶ್! ಮಾತಾಡ್ಬೇಡ!" ಮೇಷ್ಟ್ರು ಚೊಂಬನ್ನು ಬಾಯಿಗೇ ಇಟ್ಟರು. ಉಸಿರೆಳೆಯುವಷ್ಟರಲ್ಲಿ ಅಜ್ಜಿ ಜೇನುತುಪ್ಪದ ಚಮಚ ತುರುಕಿದರು. ಎಲೆಕ್ಟ್ರಿಷಿಯನ್ ಕತ್ತಿಗೆ ಬಿಸಿ ಬಟ್ಟೆ ಸುತ್ತಿದ. ತಲೆಯಾಡಿಸಿದರೆ ಏನಾಗುತ್ತದೆಂದು ಗೊತ್ತಿದ್ದರಿಂದ ಅವನು ಅದನ್ನೂ ಮಾಡಲಿಲ್ಲ. ಚೊಂಬಿನ ಮೇಲೆ ಚೊಂಬು ನಡೆಯಿತು.

ಹೆಂಡತಿ ನಗುನಗುತ್ತಾ ಬಿಸಿ ಹಾಲು ತಂದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! "ನಮ್ಮಣ್ಣಂಗೆ ಹೇಳ್ಬಿಟ್ಟೆ, ನಿಮ್ಮ ಗೋದಾಮು ನೀವೇ ಇಟ್ಕೊಳ್ಳಿ, ನಮ್ಮನೆಯವರು ಕಲಾವಿದರು ಅಂತ. ಅವನೂ ರೇಗಿ, ಆಗ್ಲೇ ಬೇರೆಯವರನ್ನ ತಗೊಂಡ್ನಂತೆ. ತಗೊಳ್ಲಿ ಬಿಡಿ!"

"ಅಯ್ಯೋ!" ಎಂದ ರೇಡಿಯೋ.

ಆ ಅಯ್ಯೋ ಕಂಚಿನ ಗಂಟೆಯ ಹಾಗೆ, ಒಂದೆಳೆ ಒಡಕಿಲ್ಲದೆ ಮೊಳಗಿತು. ವಠಾರವೆಲ್ಲ ಸದ್ದಾಗದಂತೆ ಚಪ್ಪಾಳೆ ತಟ್ಟಿತು.

ಅವನು ಎದ್ದು ಎಲ್ಲರಿಗೂ ಕೈಮುಗಿದ. "ನಿಮ್ಮ ದಮ್ಮಯ್ಯ, ಯಾರಾದ್ರೂ ಒಬ್ರು ನನ್ನ ಜೊತೆ ಜಗಳಕ್ಕೆ ಬನ್ರಪ್ಪಾ!"

ಯಾರೂ ಬರಲಿಲ್ಲ. ಮೇಷ್ಟ್ರು ಇನ್ನೊಂದು ಚೊಂಬು ತಂದರು.