ಮಂಚದಡಿಯ ಸೇಬಿನ ರಸ

ರೋಗಿಯನ್ನು ನೋಡಲು ಹೋಗುವವರು ಸೇಬನ್ನೇ ಏಕೆ ಒಯ್ಯುತ್ತಾರೋ ನನಗೆ ತಿಳಿಯದು. ಕೊಡುವವರಿಗೂ ಅದು ಇಷ್ಟವಿಲ್ಲ, ಮಲಗಿದವರಿಗೂ ಇಷ್ಟವಿಲ್ಲ. ಆದರೂ ಬರಿಗೈಯಲ್ಲಿ ಹೋಗಲು ಯಾರಿಗೂ ಧೈರ್ಯವಿಲ್ಲ. ನನ್ನ ಮಾವ ಪುತ್ತೂರಿನಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಗುತ್ತಿಗಾರಿನ ಮನೆಗೆ ಬಂದಾಗ, ಕಡಬ, ರಾಮಕುಂಜದ ನೆಂಟರು ತಂದ ಸೇಬು ಕಪಾಟು ತುಂಬಿ ಅಕ್ಕಿ ಡಬ್ಬದ ಮೇಲೂ ಕೂತಿತು. ಮೆತ್ತಗಾಗತೊಡಗಿದ್ದನ್ನು ಎಸೆಯಲು ಮನಸ್ಸು ಬಾರದೆ, ಹುಳಿ ಬರಿಸಿ ಸೈಡರ್ ಮಾಡೋಣವೆಂದೆ. ಸೇಬಿನ ಮದ್ಯಕ್ಕೆ ಹಾಗೆನ್ನುತ್ತಾರೆಂದು ವಿಡಿಯೊ ನೋಡಿ ಕಲಿತಿದ್ದೆ.

ನನ್ನದು ಹೊಸ ಕ್ರಮ. ಮಿಕ್ಸಿಯಲ್ಲಿ ಅರೆದು, ಸೋಸಿ, ಸಕ್ಕರೆ ಹಾಕಿ, ಸುಳ್ಯದಿಂದ ತಂದ ಪ್ಯಾಕೆಟಿನ ಯೀಸ್ಟ್ ಬೆರೆಸಿ ಗಾಜಿನ ಜಾಡಿಗೆ ತುಂಬಿದೆ. ಮುಚ್ಚಳಕ್ಕೆ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ನೀರಿನಲ್ಲಿ ಮುಳುಗಿಸಿದೆ. ಅತ್ತೆ ನೋಡಿ, "ಇದೆಂತ ಮಾರಾಯ್ರೆ, ಮಾವನಿಗೆ ಹಾಕಿದ ಡ್ರಿಪ್ಪನ್ನು ಹಣ್ಣಿಗೂ ಹಾಕಿದ್ದೀರಾ?" ಎಂದರು. ತಾವು ಗೇರುಹಣ್ಣಿಗೆ ಮಾಡುವಂತೆ ಸೇಬನ್ನು ಸಿಪ್ಪೆ ಸಮೇತ ಜಜ್ಜಿ ಭರಣಿಗೆ ಹಾಕಿ ಬಟ್ಟೆ ಕಟ್ಟಿದರು. "ಬೇಕಾದ್ದು ಸಿಪ್ಪೆಯಲ್ಲೇ ಉಂಟು. ಸುಮ್ಮನೆ ಬಿಟ್ಟರೆ ಆಯ್ತು." ಬೆಚ್ಚಗಿರಲೆಂದು ಎರಡನ್ನೂ ಮಾವನ ಮಂಚದಡಿ ಇಟ್ಟೆವು. ನನ್ನದು ಬೇಗ ತಿಳಿಯಾಯಿತು. ಸಿಹಿ, ಶಾಲೆಗೆ ಹೊರಟ ಮಗುವಿನಂತೆ ಅಚ್ಚುಕಟ್ಟು. ಭರಣಿಯದು ಕದಡು, ಒಗರು, ಮೂಗಿಗೆ ಹಳೆಯ ಕೊಟ್ಟಿಗೆ. ಮಾವ ಊಟ ಬಿಡತೊಡಗಿದ್ದು ಆಗಲೇ.

"ಮಂಚದಡಿ ಯಾರೋ ಉಸಿರಾಡ್ತಾರೆ," ಎಂದರು. ಅದು ಹುಳಿ ಬರುವ ಶಬ್ದ ಎಂದೆ. "ನಾನು ಉಸಿರು ಹಿಡಿದ್ರೆ ಅದೂ ಹಿಡೀತದೆ. ನಮ್ಮಣ್ಣ ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು." ಆ ಅಣ್ಣ ತೀರಿಹೋಗಿ ವರ್ಷಗಳಾಗಿದ್ದವು. ನಾನು ಜಾಡಿ, ಭರಣಿ ಎರಡನ್ನೂ ಅಡುಗೆಮನೆಗೆ ಸಾಗಿಸಿ, ಮರಳಿ ಬಂದು ಮಂಡಿಯೂರಿ ಕಿವಿಗೊಟ್ಟೆ. ಮಾವ ಉಸಿರು ಹಿಡಿದರು. ನಾನೂ ಹಿಡಿದೆ. ಮಂಚದಡಿ ಏನೋ ಒಂದು, ನಮಗಿಂತ ತುಸು ತಡವಾಗಿ, ನಿಂತಿತು.

ಮಾವ ಗಂಜಿಯನ್ನೂ ದೂಡಿದರು. ಹೊಲಿಗೆ ಮಾಯಬೇಕಾದರೆ ಊಟ ಬೇಕೇ ಬೇಕೆಂದು ಡಾಕ್ಟರು ಹೇಳಿದ್ದರು. ತೀರಿಹೋದವರಿಗೆ ಎಲೆ ಹಾಕಿ, ಕೋಳಿ ರೊಟ್ಟಿಯ ಜೊತೆ ಕುಡಿಯಲೂ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಮನೆಯ ಕ್ರಮ. "ಎರಡನ್ನೂ ಇಡಿ," ಎಂದರು ಅತ್ತೆ. "ಯಾವುದು ಆಗ್ತದೋ ಅದನ್ನು ಕುಡಿದು ಹೋಗ್ಲಿ." ನಡು ಮಧ್ಯಾಹ್ನ. ಮಾವನ ಕೋಣೆಯಲ್ಲೇ ಎಲೆ ಹಾಕಿ, ಪಕ್ಕದಲ್ಲಿ ಎರಡು ಲೋಟ ಇಟ್ಟು, ಕಿಟಕಿಗಳ ಚಿಲಕ ನಾನೇ ಹಾಕಿದೆ. ಜಗಲಿಯಲ್ಲಿ ನಾವೆಲ್ಲ ಇದ್ದೆವು; ಬೆಕ್ಕು ಮಾವನ ಮಡಿಲಲ್ಲಿತ್ತು.

ಬಾಗಿಲು ತೆರೆದಾಗ ನನ್ನ ಲೋಟ ಇಟ್ಟ ಹಾಗೇ ತುಂಬಿತ್ತು. ಭರಣಿಯ ರಸದ ಲೋಟದಲ್ಲಿ ತಳದ ಗಸಿ ಮಾತ್ರ ಉಳಿದಿತ್ತು. ಲೋಟ ತೂತಾಗಿರಲಿಲ್ಲ, ನೆಲ ಒದ್ದೆಯಾಗಿರಲಿಲ್ಲ. ಕೈಯಾಡಿಸಿ ನೋಡಿದೆ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಣ್ಣನೇ! ಪ್ಯಾಕೆಟಿನದ್ದು ಅವನಿಗೆ ಯಾವತ್ತೂ ಆಗುದಿಲ್ಲ. ಬಂದದ್ದು ನನಗಲ್ಲ ಮಾರಾಯ್ರೆ, ಇದಕ್ಕೆ. ಗಂಜಿ ಉಂಟಾ?"

ಎಲ್ಲರೂ ಗಂಜಿ ಬಡಿಸುವ ಸಡಗರದಲ್ಲಿದ್ದಾಗ ನಾನೊಬ್ಬನೇ ಆ ಕೋಣೆಗೆ ಹೋದೆ. ಹೆದರಬೇಕಿತ್ತು. ಬದಲಿಗೆ ಮಂಚದತ್ತ ಬಾಗಿ ಮೆಲ್ಲನೆ ಕೇಳಿದೆ: "ಸಕ್ಕರೆ ಹೆಚ್ಚಾಯಿತಾ?" ಉತ್ತರ ಬರಲಿಲ್ಲ. ಬರಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು ನೋಡಿ, ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.