ಮೂರು ಊರು, ಒಂದು ಕಾಲೇಜು

ನಾನು ಮಾತಾಡುವುದು ಕಡಿಮೆ. ಆಡಿದಾಗಲೆಲ್ಲ ಏನಾದರೊಂದು ಆಗುತ್ತದೆ. ಈ ವಯಸ್ಸಿನಲ್ಲೂ ನಿಂತಿಲ್ಲ.

ಮೊಮ್ಮಗಳಿಗೆ ಅಂತರರಾಷ್ಟ್ರೀಯ ಕೃಷಿ ಓದಬೇಕು. ಹೊರದೇಶದಲ್ಲಿ. "ಅಜ್ಜ ಒಪ್ಪಿದ ಕಾಲೇಜಾದ್ರೆ ಕಳಿಸ್ತೀನಿ" ಎಂದು ಮಗ ಕೈ ತೊಳೆದುಕೊಂಡ. ಅವಳ ಪಟ್ಟಿಯಲ್ಲಿ ಮೂರು ಕಾಲೇಜು. ಅರ್ಜಿ ಹಾಕೋಕೆ ಉಳಿದದ್ದು ಹದಿನೈದು ದಿನ. ನನ್ನ ಸೊಂಟವನ್ನು ಯಾರೂ ಕೇಳಲಿಲ್ಲ.

ಸಾಗರ

ಹೊರದೇಶಕ್ಕೆ ಕಳಿಸುವ ಏಜೆಂಟು ಮೊದಲ ಕಾಲೇಜಿನ ಬಣ್ಣದ ಪುಸ್ತಕ ತೆರೆದ.

"ಇಲ್ಲಿ ಬೆಳೆ ಏನು?" ಎಂದೆ.

"ಕ್ಯಾಂಪಸ್ ನೋಡಿ ಸರ್, ಸೂಪರ್."

"ಬೆಳೆ?"

"ಹಾಸ್ಟೆಲಲ್ಲಿ ಅನ್ನ ಸಾರು ಸಿಗತ್ತೆ ಸರ್."

"ಬೆಳೆ?"

ಅವನು ಫೋಟೋವನ್ನೇ ಬಗ್ಗಿ ನೋಡಿದ. "ಹುಲ್ಲು, ಸರ್."

"ಹುಲ್ಲು ನಮ್ಮಲ್ಲೂ ಇದೆ. ಕೀಳೋಕೆ ಆಳಿಲ್ಲ. ನೀನು ಬರ್ತೀಯಾ?"

ಬಸ್ಸಿನಲ್ಲಿ ಮೊಮ್ಮಗಳು ಪಟ್ಟಿಯಿಂದ ಆ ಹೆಸರು ಹೊಡೆದುಹಾಕಿದಳು.

ಹೊಸನಗರ

ಎರಡನೆಯ ಕಾಲೇಜಿಗೆ, ಅವಳು ಕೃಷಿ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕಂತೆ. ತಾಲೂಕು ಕಚೇರಿಯ ಮರದಡಿ ಅರ್ಜಿ ಬರೆಯುವವನ ಮುಂದೆ ಕೂತೆವು.

"ಏನ್ ಕೆಲಸ ಮಾಡಿದಾಳೆ?"

"ಡಬ್ಬ ಬಡಿದು ತೋಟದ ಮಂಗ ಓಡಿಸಿದಾಳೆ. ಏಳು ವರ್ಷದಿಂದ."

ಅವನು ಪೆನ್ನು ಕೆಳಗಿಟ್ಟ. "ಪಹಣಿ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲಿ."

"ಹಂಗಾದ್ರೆ ಕೃಷಿಕರು ನೀವು. ಕಾಗದ ನಿಮಗೇ ಮಾಡಿಕೊಡ್ತೀನಿ. ನೀವೇ ಹೋಗಿ ಓದ್ಕೊಂಡ್ ಬನ್ನಿ ಅಜ್ಜ."

ಪಟ್ಟಿಯಲ್ಲಿ ಒಂದೇ ಉಳಿಯಿತು.

ತೀರ್ಥಹಳ್ಳಿ

ಮೂರನೆಯ ಕಾಲೇಜಿನವರು ಕಂಪ್ಯೂಟರಿನಲ್ಲೇ ಸಂದರ್ಶನ ಮಾಡುತ್ತಾರಂತೆ. ನಿಟ್ಟೂರಿನ ನಮ್ಮ ಮನೆಯಲ್ಲಿ ನೆಟ್ವರ್ಕ್ ಇಲ್ಲ. ತೀರ್ಥಹಳ್ಳಿಯ ಭಾವನ ಮನೆಗೆ ಹೋದೆವು. ಮೊಮ್ಮಗಳು ಇಂಗ್ಲಿಷಿನಲ್ಲಿ ಚೆನ್ನಾಗಿ ಉತ್ತರ ಕೊಟ್ಟಳು. ಕೊನೆಗೆ ಆ ಪ್ರೊಫೆಸರು, ಮನೆಯವರದು ಏನಾದರೂ ಪ್ರಶ್ನೆ ಇದೆಯಾ ಎಂದನಂತೆ. ಅವಳು ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು.

"ಅಲ್ಲಿ ಮಂಗ ಇದೆಯಾ ಕೇಳು" ಎಂದೆ.

ಕೇಳಿದಳು. ಇಲ್ಲವಂತೆ.

"ಮತ್ತೆ ಏನ್ ಕಲಿಸ್ತಾರೆ?"

"ಅಜ್ಜಾ, ಸೀಟು ಹೋಗತ್ತೆ."

"ಹೇಳು."

ಹೇಳಿದಳು. ಪ್ರೊಫೆಸರು ನಗಲಿಲ್ಲ. ಏನೋ ಬರೆದುಕೊಂಡ. ಆಮೇಲೆ, "ಮಂಗನ ವಿಷಯ ನಮಗೆ ಗೊತ್ತಿಲ್ಲ. ನಿಮ್ಮ ಮೊಮ್ಮಗಳೇ ಬಂದು ಕಲಿಸಲಿ. ಸೀಟು ಕೊಡ್ತೇವೆ" ಎಂದನಂತೆ.

ಮೂರು ಊರು ಸುತ್ತಿದ್ದರಲ್ಲಿ, ಗೊತ್ತಿಲ್ಲ ಎಂದವನು ಇವನೊಬ್ಬನೇ. "ಇದೇ ಕಾಲೇಜು" ಎಂದೆ. ಮೊಮ್ಮಗಳು ಕಣ್ಣೊರೆಸಿಕೊಂಡಳು.

ಇನ್ನೇನಾದರೂ ಕೇಳುವುದಿದೆಯಾ ಎಂದ ಆತ.

"ಇವಳೇ ಕಲಿಸೋದಾದ್ರೆ, ಫೀಸು ಯಾರು ಯಾರಿಗೆ ಕೊಡೋದು?"

ಭಾವ ಎದ್ದು ಬಂದು ಲ್ಯಾಪ್‌ಟಾಪ್ ಮುಚ್ಚಿದ.